ಲೂಜಕ್ಕ ಕೆತ್ತಿದ ಮುಚ್ಚಳ

ನಮ್ಮ ಊರಿನ ಹೆಂಗಸರು ಗಂಡನ ಮೇಲಿನ ದೂರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅನ್ನದ ಗಡಿಗೆಯ ಮೇಲೆ ಮುಚ್ಚಿ ಕಳಿಸುತ್ತಾರೆ. ಹೊಳೆಯ ದಂಡೆಯಲ್ಲಿ ಒಂದು ಉದ್ದನೆಯ ಚಪ್ಪರವಿದೆ. ದೋಣಿಯವರು, ಬಲೆಯವರು, ಮರ ಕೊಯ್ಯುವವರು, ಎಲ್ಲ ಗಂಡಸರೂ ಮಧ್ಯಾಹ್ನದ ಊಟವನ್ನು ಅಲ್ಲೇ ಒಟ್ಟಿಗೆ ಮಾಡಬೇಕು. ನಾವು ಗಡಿಗೆ ಹೊತ್ತುಕೊಂಡು ಹೋಗಿ ಒಳಗಿಟ್ಟು, ಹೊರಗಿನ ಕಟ್ಟೆಯ ಮೇಲೆ ಕೂತು, ಖಾಲಿ ಗಡಿಗೆಗಾಗಿ ಕಾಯುತ್ತೇವೆ. ದಿನವೂ ಗಡಿಗೆಯ ಬಾಯಿಗೆ ಬಾಳೆಲೆ ಕಟ್ಟಿರುತ್ತದೆ. ಮನಸ್ಸು ನೊಂದ ದಿನ ಮಾತ್ರ ಎಲೆಯ ಬದಲು ಮರದ ಮುಚ್ಚಳ ಹೋಗುತ್ತದೆ. ಅದರ ಮೇಲೆ ಒಂದು ಚಿತ್ರ ಕೆತ್ತಿರುತ್ತದೆ. ಆ ಚಿತ್ರ ಹೇಳುವ ಮಾತನ್ನು ಗಂಡನಾದವನು ಎಲ್ಲರೆದುರು ಬಿಡಿಸಿ ಹೇಳುವ ತನಕ ಮುಚ್ಚಳ ಗಡಿಗೆಯನ್ನು ಬಿಡುವುದಿಲ್ಲ. ಎಳೆದರೂ ಬಿಡುವುದಿಲ್ಲ, ಕತ್ತಿಯ ಮೊನೆ ತೂರಿಸಿದರೂ ಬಿಡುವುದಿಲ್ಲ. ಅದು ಬಿಡುವ ತನಕ ಚಪ್ಪರದಲ್ಲಿ ಬೇರೆ ಯಾರ ಗಡಿಗೆಯನ್ನೂ ತೆರೆಯುವಂತಿಲ್ಲ, ಗಂಡಸರು ಮನೆಗೆ ಹೋಗಿ ಉಣ್ಣುವಂತೆಯೂ ಇಲ್ಲ. ಹಿಂದೆ ಒಬ್ಬ ಸಿಟ್ಟಿನಲ್ಲಿ ಗಡಿಗೆಯನ್ನೇ ಒಡೆದನಂತೆ. ಆ ಮಳೆಗಾಲವಿಡೀ ಅವನ ಮನೆಯ ಒಲೆಯ ಮೇಲೆ ಗಂಜಿ ಬೇಯಲಿಲ್ಲ ಎನ್ನುತ್ತಾರೆ. ಆಮೇಲೆ ಯಾರೂ ಒಡೆದಿಲ್ಲ.

ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನ ತಳದಲ್ಲಿ ತುಂಬಿ ತಂದರು. ಆಫ್ರಿಕಾದ ಯಾವ ಊರು, ಯಾವ ಹೊಳೆಯ ಮಗ್ಗುಲು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ. ಬಂದವರ ಮೈಮೇಲೆ ಬಟ್ಟೆಯೂ ಸರಿಯಾಗಿರಲಿಲ್ಲವಂತೆ. ತಪ್ಪಿಸಿಕೊಂಡು ಈ ದಂಡೆ ಸೇರಿದ ಮೇಲೆ, ಅವರ ಪೈಕಿ ಕೆಲವು ಹೆಂಗಸರು ಕೈಗೆ ಸಿಕ್ಕ ಮರದಲ್ಲಿ ತಮ್ಮ ಅಜ್ಜಿಯರ ಗಾದೆಗಳನ್ನು ಕೆತ್ತಿಟ್ಟರು. ಭಾಷೆ ಮಕ್ಕಳ ಕಾಲಕ್ಕೇ ಹೋಯಿತು. ಗಾದೆಯ ಶಬ್ದಗಳೂ ಹೋದವು. ಕಂಬದ ಮೇಲೆ ಕೂತ ಆಮೆ, ಒಂದೇ ಹೊಟ್ಟೆಯ ಎರಡು ಮೊಸಳೆ, ಬಾಯಿ ಒಡೆದ ಸೋರೆಬುರುಡೆ, ಇಂಥವು ಮುಚ್ಚಳದ ಮೇಲೆ ಉಳಿದವು. ತಾಯಿಯಿಂದ ಮಗಳಿಗೆ ಮದುವೆಯ ದಿನ ಅವು ದಾಟುತ್ತ ಬಂದಿವೆ. ಹೊಸ ಮುಚ್ಚಳ ಕೆತ್ತಿದವರನ್ನು ನನ್ನ ಅಜ್ಜಿಯೂ ಕಂಡಿರಲಿಲ್ಲ.

ಬರಬರುತ್ತ ಗಂಡಸರು ಇದಕ್ಕೆ ಒಗ್ಗಿಹೋದರು. ಎಲ್ಲ ಮುಚ್ಚಳಗಳ ಅರ್ಥವೂ ಅವರಿಗೆ ಬಾಯಿಪಾಠ. ಚಪ್ಪರದ ಹಿರಿಯ ದುಮಿಂಗಜ್ಜ ದೂರದಿಂದಲೇ ನೋಡಿ, "ಮೊಸಳೆ ಬಂತು ಪಾಸ್ಕು. ಮನೇಲಿ ಎಲ್ಲರ ಪಾಲೂ ಒಂದೇ ಆಗಿಲ್ಲ ಹೇಳಿ ದೂರು," ಎನ್ನುವನು. ನನ್ನ ಗಂಡ ಪಾಸ್ಕು ಅದನ್ನೇ ಒಪ್ಪಿಸುವನು. ಮುಚ್ಚಳ ಸಲೀಸಾಗಿ ಬಿಡುವುದು. ಎಲ್ಲರೂ ಕೈ ತೊಳೆದು ಉಣ್ಣುವರು. ನಾನು ಆ ಮೊಸಳೆಯನ್ನು ಎಷ್ಟು ಸಲ ಕಳಿಸಿದ್ದೇನೋ. ಪ್ರತಿ ಸಲವೂ ಪಾಸ್ಕು ತಪ್ಪಿಲ್ಲದೆ ಅರ್ಥ ಹೇಳಿ, ಹೊಟ್ಟೆ ತುಂಬ ಉಂಡು, ಮನೆಗೆ ಬಂದು ಮಲಗಿದ.

ಲೂಜಕ್ಕನಿಗೆ ಅಂಥ ಒಂದು ಮುಚ್ಚಳವೂ ಇರಲಿಲ್ಲ. ಅವಳು ಹೊಳೆಯಾಚೆಯ ಊರಿನವಳು. ಆ ಊರಿನಲ್ಲಿ ಗಡಿಗೆಗಳು ಸುಮ್ಮನೆ ಮುಚ್ಚುತ್ತವೆ, ಸುಮ್ಮನೆ ತೆರೆಯುತ್ತವೆ. ದೋಣಿ ನಡೆಸುವ ಕೈತಾನನನ್ನು ಮದುವೆಯಾಗಿ ನಮ್ಮ ಪಕ್ಕದ ಮನೆಗೆ ಬಂದ ಹೊಸತರಲ್ಲಿ, ನಾವೆಲ್ಲ ಕಟ್ಟೆಯ ಮೇಲೆ ಕೂತು ಮುಚ್ಚಳ ಬಿಡುವುದನ್ನು ಕಾಯುವುದು ನೋಡಿ ಅವಳಿಗೆ ನಗು ಬರುತ್ತಿತ್ತು. ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆಯ ಮುಚ್ಚಳಗಳು ನಾದಿನಿಯೊಂದಿಗೆ ಬೇರೆ ಊರಿಗೆ ಹೋಗಿದ್ದವು. ಮನೆಯಲ್ಲಿ ಉಳಿದವನು ಕೈತಾನನ ತಮ್ಮ ಮಿಂಗೇಲ ಒಬ್ಬನೇ. ಬಲೆ ನೇಯುವುದರಲ್ಲಿ, ಗಂಟು ಹಾಕುವುದರಲ್ಲಿ ಅವನ ಕೈಗೆ ಸಮನಾದ ಕೈ ನಮ್ಮಲ್ಲಿರಲಿಲ್ಲ.

ಆ ಮಿಂಗೇಲ ಒಂದು ಹಡಗಿನಲ್ಲಿ ಕೆಲಸ ಸಿಕ್ಕಿತೆಂದು ಹೋದ. ತಿರುಗಿ ಬಂದಾಗ ಬೇರೆಯೇ ಮನುಷ್ಯನಾಗಿದ್ದ. ಅಲ್ಲಿ ಏನಾಯಿತೆಂದು ಹೇಳುತ್ತಿರಲಿಲ್ಲ. ಅಂಗಳದಲ್ಲಿ ನಿಂತವನು ಇದ್ದಕ್ಕಿದ್ದಂತೆ, ಹಡಗಿನ ತಳದಲ್ಲಿ ಸಿಕ್ಕಿಕೊಂಡವನ ಹಾಗೆ ಮುಖ ಎತ್ತಿ, "ಮೇಲೆ ಯಾರಾದ್ರೂ ಇದ್ದೀರೇನು?" ಎಂದು ಕೂಗುತ್ತಿದ್ದ. ಹೊಳೆಯಾಚೆಯ ಆಸ್ಪತ್ರೆಗೂ ಕರೆದುಕೊಂಡು ಹೋದರು. ಅಲ್ಲಿ ಕೊಟ್ಟ ಮಾತ್ರೆ ನುಂಗಿದರೆ ಮಲಗುತ್ತಿದ್ದ, ಎದ್ದರೆ ಮತ್ತೆ ಅದೇ ಕೂಗು. ಒಂದು ಸಂಜೆ ಕತ್ತಲೆಯೆಂದು ಹೆದರಿ, ಬೆಳಕು ಬೇಕೆಂದು ದೋಣಿಮನೆಯ ಪಕ್ಕದ ಹುಲ್ಲಿಗೆ ಬೆಂಕಿ ಹಚ್ಚಿದ. ನಮ್ಮ ಬಣವೆ ಸುಟ್ಟುಹೋಯಿತು. ಗಾಳಿ ಈ ಕಡೆ ತಿರುಗಿದ್ದರೆ ಮನೆಗಳೂ ಹೋಗುತ್ತಿದ್ದವು.

ಮರುದಿನ ಚಪ್ಪರದಲ್ಲಿ ಗಂಡಸರೆಲ್ಲ ಸೇರಿ ಮಾತಾಡಿದರು. ಅವನನ್ನು ಕಟ್ಟಿಹಾಕಬೇಕೆಂದು ತೀರ್ಮಾನವಾಯಿತು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನನ್ನ ಗಂಡ. ದೋಣಿಮನೆಯ ಕಂಬಕ್ಕೆ ಮಿಂಗೇಲನ ಕಾಲನ್ನು ಬಿಗಿದವನು ಕೈತಾನ. ದೋಣಿ ಕಟ್ಟುವ ಹಗ್ಗವನ್ನೇ ತಂದು ಬಿಗಿದ. ನನಗೂ ಅಂದು ನೆಮ್ಮದಿಯಾಯಿತು, ಒಳಗೊಳಗೆ ದೇವರಿಗೆ ಕೈ ಮುಗಿದೆ. ನಾಲ್ಕು ದಿನ ಕಳೆಯುವುದರೊಳಗೆ ಊರಿನವರು ದೋಣಿಮನೆಯ ಮುಂದೆ ಹಾಯುವಾಗ ಮಾತನ್ನು ಜೋರು ಮಾಡಿಕೊಂಡು ಹಾಯುವುದನ್ನು ಕಲಿತರು, ಒಳಗಿನ ಕೂಗು ಕೇಳದ ಹಾಗೆ.

ಲೂಜಕ್ಕ ಮಾತ್ರ ದಿನವೂ ಒಳಗೆ ಹೋಗುತ್ತಿದ್ದಳು. ಅನ್ನ ಇಡುತ್ತಿದ್ದಳು, ಮೈ ಒರೆಸುತ್ತಿದ್ದಳು, ಹಗ್ಗ ಉಜ್ಜಿ ಹುಣ್ಣಾದ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಗಂಡನಿಗೆ ಬಾಯಿಬಿಟ್ಟು ಹೇಳಿದಳು. ಆಚೆ ಊರಿನವಳಲ್ಲವೇ, ಅವಳಿಗೆ ಅದೇ ಗೊತ್ತಿದ್ದ ದಾರಿ. ಬೇಲಿಯ ಈಚೆ ನನಗೆ ಎಲ್ಲ ಕೇಳುತ್ತಿತ್ತು.

"ಹಗ್ಗ ಬಿಚ್ಚಿ. ನಾನು ನೋಡ್ಕಳ್ತೇನೆ."

"ಇದು ಚಪ್ಪರದಲ್ಲಿ ಆದ ಮಾತು. ಮನೇಲಿ ಬಿಚ್ಚೂಕೆ ಬತ್ತಿಲ್ಲ," ಎಂದ ಕೈತಾನ.

"ಹಂಗಾರೆ ಚಪ್ಪರಕ್ಕೇ ಕಳಿಸ್ತೇನೆ."

"ಎಂತ ಕಳಿಸ್ತೆ? ನಿನ್ನ ಹತ್ರ ಎಂತ ಅದೆ?"

ಲೂಜಕ್ಕ ಬೇಲಿ ದಾಟಿ ನಮ್ಮ ಮನೆಗೆ ಬಂದಳು. ನಿನ್ನ ಮುಚ್ಚಳಗಳನ್ನು ತೋರಿಸು ಎಂದಳು. ನಾನು ಅಟ್ಟದಿಂದ ಇಳಿಸಿ, ಒಂದೊಂದನ್ನೇ ಅಂಗಳದಲ್ಲಿಟ್ಟೆ. ಆಮೆಯನ್ನು ಎತ್ತಿ ನೋಡಿದಳು, ಸೋರೆಬುರುಡೆಯನ್ನು ತಿರುಗಿಸಿ ನೋಡಿದಳು. ಪ್ರತಿಯೊಂದರ ಅರ್ಥವನ್ನೂ ಕೇಳಿದಳು.

"ಯಾವುದೂ ನಂದಲ್ಲ ಸೆವ್ರಿ," ಎಂದು ಕೊನೆಗೆ ನನಗೆ ಹೇಳಿದಳು. "ಇವನ್ನ ಕೆತ್ತಿದವರಿಗೆ ಯಾರು ಹೇಳಿಕೊಟ್ರು?"

"ಅವರ ಅಜ್ಜಿಯರು. ಅಲ್ಲೇ, ಆಫ್ರಿಕಾದಲ್ಲಿ."

"ಆ ಅಜ್ಜಿಯರಿಗೆ?"

ಅದು ನನಗೆ ಹೊಳೆದಿರಲಿಲ್ಲ. 

"ಯಾರೋ ಒಬ್ಬಳು ಎಂತನ್ನೋ ಕಂಡಿರಬೇಕು, ತಡೀಲಾರದೆ ಹೇಳಿರಬೇಕು," ಎಂದಳು ಲೂಜಕ್ಕ. "ನಾನೂ ಕಂಡಿದ್ದೇನೆ."

ಅವಳು ಹೆಬ್ಬಲಸಿನ ಒಂದು ಹಲಗೆ ಹುಡುಕಿ ತಂದಳು. ಚಿಪ್ಪಿನಿಂದ ಕೊಬ್ಬರಿ ಎಬ್ಬಿಸುವ ಚೂರಿಯನ್ನು ಮಸೆದುಕೊಂಡಳು. ಕೆತ್ತಲು ಕೂತದ್ದು ದೋಣಿಮನೆಯಲ್ಲಿ, ಮಿಂಗೇಲನ ಎದುರಿಗೆ. ಮೊದಲ ಹಲಗೆ ಸೀಳಿಹೋಯಿತು, ಇನ್ನೊಂದು ತಂದಳು. ಎರಡನೆಯದರಲ್ಲಿ ಚೂರಿ ಜಾರಿ ಅಂಗೈ ಕೊಯ್ದುಕೊಂಡಳು. ಬಟ್ಟೆ ಸುತ್ತಿಕೊಂಡು ಮತ್ತೆ ಕೂತಳು. ನಾನು ಎಲೆಯಡಿಕೆಯ ನೆಪ ಮಾಡಿಕೊಂಡು ಬಾಗಿಲ ತನಕ ಹೋಗುತ್ತಿದ್ದೆ, ಒಳಗೆ ಕಾಲಿಡುತ್ತಿರಲಿಲ್ಲ. ಅವನನ್ನು ಕಂಡರೆ ನನಗೆ ಹೆದರಿಕೆಯಿತ್ತು. ಅವಳು ಕೆತ್ತುವಾಗ ಅವನು ಕೂಗುತ್ತಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಿದೆ. ಕುತ್ತಿಗೆ ಚಾಚಿ ಅವಳ ಚೂರಿಯನ್ನೇ ನೋಡುತ್ತಿದ್ದ. ಹಲಗೆಯ ಮೇಲೆ ಒಬ್ಬ ಮನುಷ್ಯ ಮೂಡಿದ. ಅವನ ಕಾಲಿನಿಂದ ಹಗ್ಗ ಹೊರಟು ಮುಚ್ಚಳದ ಅಂಚನ್ನೆಲ್ಲ ಸುತ್ತಿ ಬಂದಿತು.

"ಆ ಗಂಟು ಹಂಗಲ್ಲ ಅತ್ತಿಗೆ," ಎಂದ ಮಿಂಗೇಲ ಒಂದು ದಿನ. ಎಷ್ಟೋ ಕಾಲದ ಮೇಲೆ ಅವನು ಆಡಿದ ನೆಟ್ಟಗಿನ ಮಾತು ಅದು. ನೆಲದ ಮೇಲಿದ್ದ ನಾರಿನ ಎಳೆಯನ್ನು ಎತ್ತಿಕೊಂಡು, ಹೇಗೆ ಸುತ್ತಿ ಹೇಗೆ ಒಳಗೆ ತೂರಿಸಬೇಕೆಂದು ತೋರಿಸಿದ. ಅವಳು ತಪ್ಪು ಗಂಟನ್ನು ಹೆರೆದು ಹಾಕಿ, ಅವನು ತೋರಿಸಿದ ಹಾಗೆ ಕೆತ್ತಿದಳು.

ಮುಚ್ಚಳ ಮುಗಿದ ದಿನ ಮನೆಯಲ್ಲಿ ಗಡಿಗೆಯ ಮೇಲಿಟ್ಟು ನೋಡಿದೆವು. ಮುಟ್ಟಿದರೆ ಸುಮ್ಮನೆ ಎದ್ದು ಬಂತು.

"ಇದು ಹಿಡಿಯೂದಿಲ್ಲ ಲೂಜಕ್ಕ," ಎಂದೆ. "ಹಳೇ ಮುಚ್ಚಳಕ್ಕಷ್ಟೇ ಆ ಗುಣ. ಗಂಡಸರು ನಗ್ತಾರೆ."

"ನಗಲಿ. ಊಟ ಆದ್ರೂ ಮಾಡ್ತಾರಲ್ಲ."

ಗಡಿಗೆ ತಲೆಯ ಮೇಲಿಟ್ಟುಕೊಂಡು ನಡೆದಳು. ಚಪ್ಪರದೊಳಗೆ ಇಟ್ಟು ಬಂದು ಕಟ್ಟೆಯ ತುದಿಯಲ್ಲಿ ಕೂತಳು. ಒಳಗೆ ಮೊದಲು ಕೈತಾನನ ದನಿ ಕೇಳಿತು, "ಇದೆಂತದು?" ಆಮೇಲೆ ಯಾರೋ ನಕ್ಕರು. ಆಮೇಲೆ ನಗು ನಿಂತಿತು. ಕೈತಾನ ಮುಚ್ಚಳಕ್ಕೆ ಕೈ ಹಾಕಿ ಎತ್ತಲು ಹೋದರೆ, ಮುಚ್ಚಳದ ಜೊತೆ ಇಡೀ ಗಡಿಗೆ ಮೇಲೆದ್ದಿತ್ತು.

ದುಮಿಂಗಜ್ಜನನ್ನು ಕರೆದರು. ಅವನು ಮುಚ್ಚಳವನ್ನು ಬೆರಳಿನಿಂದ ಸವರಿ ಸವರಿ ನೋಡಿದ. ಒಂದು ತುದಿಯಲ್ಲಿ ಕಾಲಿಗೆ ಹಗ್ಗ ಬಿಗಿದ ಮನುಷ್ಯ. ಹಗ್ಗ ಸುತ್ತಿ ಬಂದು, ಇನ್ನೊಂದು ತುದಿ ಇನ್ನೊಬ್ಬನ ಮುಂಗೈಗೆ ಸುತ್ತಿಕೊಂಡಿದೆ. ಅವನು ಮುಖ ಆಚೆಗೆ ತಿರುಗಿಸಿ ನಿಂತಿದ್ದಾನೆ. ಇಂಥದ್ದನ್ನು ಯಾರೂ ಕಂಡಿರಲಿಲ್ಲ. ದನ ಕಾಯುವವನು ಎಂದ ಒಬ್ಬ. ಬಾವಿಯ ಹಗ್ಗ ಎಂದ ಮತ್ತೊಬ್ಬ. ಗಂಡಹೆಂಡಿರ ನಂಟು ಎಂದ ನನ್ನ ಗಂಡ. ಕೈತಾನ ಒಂದೊಂದನ್ನೂ ಒಪ್ಪಿಸಿದ. ಮುಚ್ಚಳ ಅಲುಗಲಿಲ್ಲ. ಆ ದಿನ ಯಾರೂ ಉಣ್ಣಲಿಲ್ಲ. ಗಡಿಗೆಗಳನ್ನು ತುಂಬಿದ್ದ ಹಾಗೇ ನಾವು ಹಿಂದಕ್ಕೆ ಹೊತ್ತೆವು. ಮನೆಗೆ ತಿರುಗಿ ಬಂದರೆ ಮುಚ್ಚಳ ಕಳಿಸಿದವಳ ಕೈಗೆ ಮಾತ್ರ ಬಿಡುತ್ತದೆ.

ಸಂಜೆ ಕೈತಾನ ಹೇಳಿದ, "ನಾಳೆ ಬಾಳೆಲೆ ಕಟ್ಟು."

"ನಾಳೆಯೂ ಅದೇ," ಎಂದಳು ಲೂಜಕ್ಕ.

ಗಂಡನ ಗಡಿಗೆ ಖಾಲಿಯಾಗಿ ಬರುವ ತನಕ ಅವಳೂ ಉಣ್ಣುವುದಿಲ್ಲವೆಂದು ಕೂತಳು. ಎರಡನೆಯ ದಿನ ದುಮಿಂಗಜ್ಜ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಗೆ ತರದಿದ್ದ ಮಾತನ್ನು ಆಡಿದ. "ತಮ್ಮನ ಹಗ್ಗ ಬಿಚ್ಚು ಅಂತಾಳೆ ಕೈತಾನ. ಹೇಳಿಬಿಡು, ಅನ್ನ ಆರ್ತದೆ." ಕೈತಾನ ತಲೆ ತಗ್ಗಿಸಿ, "ತಮ್ಮನ ಹಗ್ಗ ಬಿಚ್ಚು ಅಂತಾಳೆ," ಎಂದ. ಮುಚ್ಚಳ ಬಿಡಲಿಲ್ಲ. ಅದು ಎಲ್ಲರಿಗೂ ಗಾಬರಿ ತಂದಿತು. ಹೆಂಗಸಿಗೆ ಬೇಕಾದದ್ದನ್ನು ಹೇಳಿಯಾಯಿತು, ಇನ್ನೇನು ಹೇಳಬೇಕು ಎಂದು ಯಾರಿಗೂ ತಿಳಿಯಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಹೆಂಗಸರ ಸಿಟ್ಟು ಲೂಜಕ್ಕನ ಮೇಲೆ ತಿರುಗಿತ್ತು. "ನಿನ್ನ ಮನೆ ರಂಪಕ್ಕೆ ನಮ್ಮ ಗಂಡಂದಿರು ಎಂತಕ್ಕೆ ಉಪವಾಸ ಇರಬೇಕು? ಅವ ಬೆಂಕಿ ಹಚ್ಚಿದಾಗ ನೀನು ಆರಿಸೂಕೆ ಬಂದಿದ್ಯಾ?" ಎಂದಳು ಬಲೆಗಾರರ ಹೆಂಗಸು ಒಬ್ಬಳು.

"ಬಂದಿದ್ದೆ," ಎಂದಳು ಲೂಜಕ್ಕ. "ಎರಡು ಕೊಡ ನಾನೇ ಸುರಿದಿದ್ದೆ. ಬೆಂಕಿ ಹಚ್ಚಿದ್ದು ತಪ್ಪೇ. ಅವನಿಗೆ ದೀಪ ಕೊಡಿ, ಜೊತೆಗೆ ಒಬ್ಬರು ಕೂತ್ಕಳ್ಳಿ. ಹಗ್ಗ ಕೊಟ್ರೆ ಕತ್ತಲೆ ಹೋಗ್ತದಾ?"

ಮೂರನೆಯ ದಿನ ಅವಳು ಕಟ್ಟೆಗೆ ಬರುವಾಗ ಕಾಲು ತಡವರಿಸುತ್ತಿತ್ತು. ಉಳಿದವರು ಕಟ್ಟೆಯ ಒಂದು ಕಡೆ ಒತ್ತಾಗಿ ಕೂತು, ಅವಳಿಗೆ ತುದಿಯನ್ನು ಬಿಟ್ಟಿದ್ದರು. ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ. ಯಾಕೆ ಹಾಗೆ ಮಾಡಿದೆನೋ, ಬಣವೆ ಕಳೆದುಕೊಂಡವಳು ನಾನೇ. ಅವಳ ಕೈ ತಣ್ಣಗಿತ್ತು. ಗಾಯದ ಬಟ್ಟೆ ಬಿಚ್ಚಿಹೋಗಿತ್ತು, ಮತ್ತೆ ಕಟ್ಟಿದೆ.

ಒಳಗೆ ಕೈತಾನ ಎದ್ದು ನಿಂತಿದ್ದ. "ನಾನು ಹೋಗ್ತೇನೆ. ನನ್ನಿಂದ ನಿಮಗೆಲ್ಲ ಹಸಿವು."

"ಕೂತ್ಕ," ಎಂದ ದುಮಿಂಗಜ್ಜ. "ಹಸಿವು ನಮಗೂ ಹೊಸದಲ್ಲ. ಆ ಇನ್ನೊಂದು ತುದಿ ಯಾರು ಹೇಳು. ನನಗೆ ಗೊತ್ತಾಗೂದಿಲ್ಲ, ನಿನಗೆ ಗೊತ್ತು."

 ಹೊಳೆಯಲ್ಲಿ ಕಟ್ಟಿದ ದೋಣಿಗಳು ಒಂದಕ್ಕೊಂದು ತಾಗುವ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ ಕೈತಾನ ಮಾತಾಡಿದ. ಗಟ್ಟಿಯಾಗಿ ಹೇಳಲಿಲ್ಲ. ನಾವು ಕಟ್ಟೆಯಿಂದ ಎದ್ದು ಚಪ್ಪರದ ಬಿದಿರು ತಟ್ಟಿಗೆ ಕಿವಿ ಹಚ್ಚಿ ಕೇಳಬೇಕಾಯಿತು.

"ಅದು ನಾನು. ಅವನ್ನ ಕಟ್ಟಿದ ದಿನದಿಂದ ನಾನು ಎಲ್ಲಿಗೂ ಹೋಗಿಲ್ಲ. ದೋಣಿ ಆಚೆ ದಡಕ್ಕೆ ಹೋಗ್ತದೆ, ಜನ ಇಳೀತಾರೆ, ನಾನು ಇಲ್ಲೇ ಇರ್ತೇನೆ. ಅವ ಕೂಗಿದ್ರೆ ಎದೆ ಒಡೀತದೆ. ಕೂಗದಿದ್ರೆ ಸತ್ತನೋ ಅಂತ ಹೆದರಿಕೆ. ಆ ಕಡೆ ಮುಖ ಹಾಕೂಕೆ ಧೈರ್ಯ ಇಲ್ಲ. ನಮ್ಮವ್ವ ಸಾಯುವಾಗ ಅವನ ಕೈಯನ್ನ ನನ್ನ ಕೈಯಲ್ಲಿ ಇಟ್ಟಿದ್ಲು. ಆ ಕೈಗೇ ಈಗ ಹಗ್ಗ ಸುತ್ತಿಕೊಂಡಿದೆ. ಹಿಡಿದಿದ್ದೇನಾ, ಸಿಕ್ಕಿಕೊಂಡಿದ್ದೇನಾ, ನನಗೇ ಗೊತ್ತಿಲ್ಲ."

ಒದ್ದೆ ತುಟಿಗಳು ಬೇರೆಯಾದ ಹಾಗೆ ಒಂದು ಸಣ್ಣ ಸದ್ದಾಯಿತು. ಮುಚ್ಚಳ ಬಿಟ್ಟಿತ್ತು.

ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ ಎಂದು ಪಾಸ್ಕು ಆಮೇಲೆ ನನಗೆ ಹೇಳಿದ. ಮೂರು ದಿನ ಹಸಿದ ಗಂಡಸರು ತೆರೆದ ಗಡಿಗೆಯ ಸುತ್ತ ಸುಮ್ಮನೆ ಕೂತಿದ್ದರಂತೆ. ಆಮೇಲೆ ಪಾಸ್ಕುವೇ ಬಾಯಿಬಿಟ್ಟ. "ಕಟ್ಟು ಹೇಳಿ ಜೋರು ಮಾಡಿದವ ನಾನು. ಹಗ್ಗ ನೀನೊಬ್ಬನೇ ಹಿಡ್ಕಳ್ಳೂದು ಬೇಡ." ಕೈತಾನ ಉಣ್ಣದೆ ಹೊರಗೆ ಬಂದ. ಲೂಜಕ್ಕನ ಮುಂದೆ ಒಂದು ಗಳಿಗೆ ನಿಂತು, ದೋಣಿಮನೆಯ ಕಡೆ ನಡೆದ. ನಾವೆಲ್ಲ ಹಿಂದೆ ಹೋದೆವು. ಆ ದಿನ ನಾನು ಬಾಗಿಲು ದಾಟಿ ಒಳಗೆ ಕಾಲಿಟ್ಟೆ.

ಹಗ್ಗ ನೀರು ಕುಡಿದು ಉಬ್ಬಿತ್ತು. ಕೈತಾನ ಮೊಣಕಾಲೂರಿ ಕೂತು ಗಂಟಿಗೆ ಉಗುರು ಹಾಕಿದ. ಬಿಚ್ಚಿಕೊಳ್ಳಲಿಲ್ಲ. ಹಲ್ಲಿನಿಂದ ಎಳೆದ.  "ಕತ್ತಿ ತನ್ನಿ," ಎಂದ.

ಮಿಂಗೇಲ ಅಣ್ಣನನ್ನು ನೋಡುತ್ತ ಕೂತಿದ್ದ. ಬಗ್ಗಿ, ಎರಡು ಬೆರಳಿನಿಂದ ಗಂಟಿನ ಒಂದು ಸುತ್ತನ್ನು ಹಿಂದಕ್ಕೆ ತಳ್ಳಿದ, ಇನ್ನೊಂದನ್ನು ಎಳೆದ. ಹಗ್ಗ ಜಾರಿ ನೆಲಕ್ಕೆ ಬಿದ್ದಿತು.

ಕೈತಾನ ಬಿದ್ದ ಹಗ್ಗವನ್ನು ಕೈಗೆತ್ತಿಕೊಂಡು ನೋಡಿದ. "ನಿನಗೆ ಬಿಚ್ಚೂಕೆ ಬತ್ತಿತ್ತನೋ?"

"ಬತ್ತಿತ್ತು," ಎಂದ ಮಿಂಗೇಲ. "ನೀನು ಕಟ್ಟಿದ್ದಲ್ದಾ. ಹಂಗಾಗಿ ಬಿಟ್ಟೆ."

ಕೈತಾನ ಅಲ್ಲೇ ತಮ್ಮನ ಕಾಲಿನ ಮೇಲೆ ತಲೆಯಿಟ್ಟ. ನಾವು ಹೆಂಗಸರು ಹೊರಗೆ ಬಂದೆವು. ಲೂಜಕ್ಕನೂ ಬಂದಳು. ಅವಳಿಗೆ ನಾನು ಗಂಜಿಯ ತಿಳಿ ಕುಡಿಸಿದೆ.

ಮಿಂಗೇಲ ಗುಣವಾದ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಅವನು ಈಗಲೂ ಕೂಗುತ್ತಾನೆ. ಹತ್ತಿರ ಯಾರಿದ್ದರೆ ಅವರು, "ಇದ್ದೇವೆ ಮಾರಾಯ," ಎಂದು ಉತ್ತರ ಕೊಡುತ್ತಾರೆ. ಮಾತ್ರೆಯನ್ನೂ ಬಿಡಿಸಿಲ್ಲ. ಸಂಜೆ ದೀಪ ಹಚ್ಚಿ ಅವನ ಜೊತೆ ಕೂರುವ ಪಾಳಿ ಚಪ್ಪರದವರದು. ಪಾಸ್ಕು ತನ್ನ ಪಾಳಿಯ ದಿನ ಗೊಣಗುತ್ತಲೇ ಹೋಗುತ್ತಾನೆ, ಬರುವಾಗ ಬಲೆಯ ಒಂದು ಹೊಸ ಗಂಟು ಕಲಿತು ಬರುತ್ತಾನೆ. ಒಂದು ಸಲ ಮಿಂಗೇಲ ಓಡಿಹೋಗಿ ಕೆಸರಿನಲ್ಲಿ ಅಡಗಿದ್ದ, ಊರೆಲ್ಲ ಹುಡುಕಿತು. ಹಗ್ಗದ ಮಾತನ್ನು ಆಗ ಯಾರೋ ಮತ್ತೆ ಎತ್ತಿದರು. ಕೈತಾನ ಅವರ ಮುಖ ನೋಡಿದ ರೀತಿಗೆ ಆ ಮಾತು ಅಲ್ಲೇ ನಿಂತಿತು.

ಹೆಂಗಸರು ಲೂಜಕ್ಕನ ಮನೆಗೆ ಹಲಗೆ ಹಿಡಿದುಕೊಂಡು ಬರತೊಡಗಿದರು, ನಮಗೂ ಒಂದು ಕೆತ್ತಿಕೊಡು ಎಂದು. ಅವಳು ಒಬ್ಬರಿಗೂ ಕೆತ್ತಿಕೊಡಲಿಲ್ಲ. "ನಿನ್ನ ಮನೇಲಿ ನಾನು ಎಂತ ಕಂಡಿದ್ದೇನೆ? ಚೂರಿ ಬೇಕಾದ್ರೆ ಮಸೆದು ಕೊಡ್ತೇನೆ," ಎಂದು ಕಳಿಸಿದಳು. ಕೆಲವರು ಮುನಿಸಿಕೊಂಡರು, ಕೆಲವರು ಚೂರಿ ಇಸಿದುಕೊಂಡು ಹೋದರು. ಚಪ್ಪರದಲ್ಲಿ ಈಗ ಊಟ ತಡವಾಗುವ ದಿನಗಳಿವೆ.

ಹೊಳೆಯ ನೀರು ಇಳಿದ ಮೇಲೆ ಒಂದು ಬೆಳಿಗ್ಗೆ ನಾನು ಸಂತೆಗೆಂದು ಬುಟ್ಟಿ ಹೊತ್ತು ದಂಡೆಗೆ ಬಂದೆ. ಕೈತಾನ ದೋಣಿಯನ್ನು ಮೆಟ್ಟಿಲಿಗೆ ತಂದಿದ್ದ. ಹುಟ್ಟು ಹಿಡಿದು ಕೂತವನು ಮಿಂಗೇಲ. ಹಡಗಿನಿಂದ ಬಂದ ಮೇಲೆ ಅವನು ದೋಣಿ ನಡೆಸಲು ಕೂತದ್ದು ಅದೇ ಮೊದಲು. ದಂಡೆಯಲ್ಲಿ ನಿಂತವರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಹೊತ್ತಾದರೂ ಪರವಾಗಿಲ್ಲ, ಮುಂದಿನ ಸರದಿಗೆ ಹೋದರಾಯಿತು ಎಂದು ಒಬ್ಬಳು ಬುಟ್ಟಿ ಇಳಿಸಿದಳು. ಲೂಜಕ್ಕ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ದೋಣಿ ಹತ್ತಿ ಎಂದು ಯಾರಿಗೂ ಹೇಳಲಿಲ್ಲ, ನನ್ನನ್ನೂ ನೋಡಲಿಲ್ಲ.

ಮಿಂಗೇಲ ಹುಟ್ಟನ್ನು ಬಿಗಿಯಾಗಿ ಹಿಡಿದು, ತಲೆ ಎತ್ತದೆ ಕೂತಿದ್ದ. ನಾನು ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ನೀರಿಗಿಳಿದೆ. ದೋಣಿ ಅತ್ತಿತ್ತ ತೂಗಿತು. ಬುಟ್ಟಿಯನ್ನು ಅವನ ಕಾಲ ಹತ್ತಿರ ಇಟ್ಟು, ಎದುರಿನ ಹಲಗೆಯ ಮೇಲೆ ಕೂತೆ.

"ನಡಿಸು ಮಿಂಗೇಲ," ಎಂದೆ. "ಬಿಸಿಲು ಏರಿದ್ರೆ ಸೊಪ್ಪು ಬಾಡ್ತದೆ."

ಅವನು ಹುಟ್ಟನ್ನು ನೀರಿಗಿಳಿಸಿದ.